ಮ್ಯಾನ್ಯುವಲ್ ಗೇರ್‌ಬಾಕ್ಸ್ ಆಯಿಲ್ ಕಡಿಮೆ ಖರ್ಚಿನಲ್ಲಿ ಎಲ್ಲಿ ಬದಲಾಯಿಸಬಹುದು?

ಪ್ರಶ್ನೆ

ನಮಸ್ಕಾರ. ನನ್ನ ಕಾರಿಗೆ 11 ವರ್ಷ. ಪೆಟ್ರೋಲ್ ಹ್ಯಾಚ್‌ಬ್ಯಾಕ್, 5 ಗೇರಿನ ಮ್ಯಾನ್ಯುವಲ್, ಫ್ರಂಟ್ ವೀಲ್ ಡ್ರೈವ್. ಈಗ 1,18,000 ಕಿ.ಮೀ. ಓಡಿದೆ. ನಾನು ತಗೊಂಡಾಗ 62,000 ಆಗಿತ್ತು. ಹಿಂದಿನ ಮಾಲೀಕರು ಎಲ್ಲಾ ಬಿಲ್ಲುಗಳನ್ನೂ ಒಂದು ಫೈಲಿನಲ್ಲಿ ಜೋಡಿಸಿ ಕೊಟ್ಟಿದ್ದರು. ಹೋದ ವಾರ ಕೂತು ಆ ಫೈಲನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಇಂಜಿನ್ ಆಯಿಲ್ ಪ್ರತಿ ಸಲವೂ ಹೊತ್ತಿಗೆ ಸರಿಯಾಗಿ ಬದಲಾಗಿದೆ. ಬ್ರೇಕ್ ಪ್ಯಾಡ್, ಬೆಲ್ಟ್, ಬ್ಯಾಟರಿ ಎಲ್ಲಾ ಇವೆ. ಗೇರ್‌ಬಾಕ್ಸ್ ಆಯಿಲ್ ಅನ್ನುವ ಪದ ಮಾತ್ರ ಒಂದು ಬಿಲ್ಲಿನಲ್ಲೂ ಇಲ್ಲ. ನಾನೂ ಇಷ್ಟು ವರ್ಷ ಅದರ ಬಗ್ಗೆ ಯೋಚಿಸಿರಲಿಲ್ಲ. ಅಂದರೆ ಕಾರ್ಖಾನೆಯಲ್ಲಿ ಹಾಕಿದ ಎಣ್ಣೆಯೇ ಇನ್ನೂ ಒಳಗಿದೆ.

ಫೈಲು ತೆಗೆಯಲು ಕಾರಣ ಎರಡನೇ ಗೇರು. ನಾನು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಆರಕ್ಕೆ ಹೊರಗೆ ಬಂದಾಗ ಗಾಡಿ ಪೂರ್ತಿ ತಣ್ಣಗಿರುತ್ತದೆ. ಒಂದರಿಂದ ಎರಡಕ್ಕೆ ಹಾಕುವಾಗ ಲಿವರ್ ಒಂದು ಕಡೆ ತಡೆದು ನಿಲ್ಲುತ್ತದೆ. ಸ್ವಲ್ಪ ಒತ್ತಿದರೆ ಕರ್ರ್ ಎಂದು ಸಣ್ಣ ಸದ್ದು ಮಾಡಿ ಬೀಳುತ್ತದೆ. ಹತ್ತು ನಿಮಿಷ ಓಡಿಸಿದ ಮೇಲೆ ಏನೂ ಇಲ್ಲ, ಬೆಣ್ಣೆಯಂತೆ ಹೋಗುತ್ತದೆ. ಬೇರೆ ಗೇರುಗಳಲ್ಲಿ ತೊಂದರೆ ಇಲ್ಲ.

ಮೂರು ಕಡೆ ಫೋನ್ ಮಾಡಿದೆ. ಕಂಪನಿಯ ಸರ್ವಿಸ್ ಸೆಂಟರಿನವರು ಎಣ್ಣೆ ಮಾತ್ರ ಬದಲಾಯಿಸುವುದಿಲ್ಲವಂತೆ. ಗೇರ್‌ಬಾಕ್ಸ್ ಫ್ಲಶ್ (ಒಳಗೆಲ್ಲಾ ತೊಳೆಯುವುದು), ಚೆಕಪ್ ಎಲ್ಲಾ ಸೇರಿಸಿ ಒಂದು ಪ್ಯಾಕೇಜ್ ಹೇಳಿದರು. ಕೇಳಿ ಸುಮ್ಮನಾದೆ. ಎರಡನೆಯದು ಇಂಜಿನ್ ಆಯಿಲ್ ಬೇಗ ಬದಲಾಯಿಸಿಕೊಡುವ ಜಾಗ. ಗೇರ್ ಆಯಿಲ್ ಮಾಡಬಹುದು, ನಮ್ಮಲ್ಲಿ ಇರುವುದನ್ನು ಹಾಕುತ್ತೇವೆ ಅಂದರು. ಯಾವುದು ಅಂತ ಕೇಳಿದರೆ ಬಂದಾಗ ನೋಡೋಣ ಅಂದರು. ಮೂರನೆಯದು ಒಂದು ಸಣ್ಣ ಗ್ಯಾರೇಜು. ಸರ್ವಿಸ್ ಸೆಂಟರ್ ಹೇಳಿದ್ದರ ಮೂರರಲ್ಲಿ ಒಂದು ಭಾಗಕ್ಕೇ ಮಾಡಿಕೊಡುತ್ತೇನೆ ಅಂದರು. ಖುಷಿಯಾಯಿತು. ಯಾವ ಎಣ್ಣೆ ಹಾಕುತ್ತೀರಿ ಅಂದೆ. "ಎಲ್ಲಾ ಗಾಡಿಗೂ ಒಂದೇ ಗೇರ್ ಆಯಿಲ್" ಅಂದರು. ಅಲ್ಲಿಗೆ ನನಗೆ ಭಯ ಶುರುವಾಯಿತು. ಗಾಡಿಯ ಪುಸ್ತಕದಲ್ಲಿ 75ಡಬ್ಲ್ಯೂ-90 (ಎಣ್ಣೆಯ ದಪ್ಪ), ಜಿಎಲ್-4 (ಗೇರ್ ಆಯಿಲ್‌ನ ದರ್ಜೆ), 2.2 ಲೀಟರ್ ಎಂದು ಸ್ಪಷ್ಟವಾಗಿ ಬರೆದಿದೆ.

ಈ ಕಾರು ನನಗೆ ಇನ್ನೂ ನಾಲ್ಕೈದು ವರ್ಷ ಬೇಕು. ಖರ್ಚು ಮಾಡುವುದಿಲ್ಲ ಅಂತಲ್ಲ, ಬೇಡದ ಕೆಲಸಕ್ಕೆ ಕೊಡಲು ಆಗುವುದಿಲ್ಲ. ಎಂಥ ಜಾಗಕ್ಕೆ ಹೋಗಬೇಕು? ನಾನೇ ಮಾಡಬಹುದಾ? ಹತ್ತಿರ ಇರುವುದು ಡಿಕ್ಕಿಯಲ್ಲಿರುವ ಜಾಕ್ ಒಂದೇ. ಎರಡನೇ ಗೇರಿನ ತೊಂದರೆ ಎಣ್ಣೆಯಿಂದಲೇ ಬಂದಿದ್ದಾ, ಅದೂ ತಿಳಿದವರು ಹೇಳಿ.


ಉತ್ತರ 1

ಫ್ಲಶ್ ಖಂಡಿತ ಬೇಡ. ಮ್ಯಾನ್ಯುವಲ್ ಗೇರ್‌ಬಾಕ್ಸ್ ಒಂದು ಮುಚ್ಚಿದ ಡಬ್ಬದ ಹಾಗೆ. ಕೆಳಗಿನ ಬೋಲ್ಟ್ ಬಿಚ್ಚಿದರೆ ಹೆಚ್ಚುಕಡಿಮೆ ಎಲ್ಲಾ ಎಣ್ಣೆಯೂ ಇಳಿಯುತ್ತದೆ. ಆಟೋಮ್ಯಾಟಿಕ್‌ನಲ್ಲಿ ಟಾರ್ಕ್ ಕನ್ವರ್ಟರ್ (ಇಂಜಿನ್ ಬಲವನ್ನು ಎಣ್ಣೆಯ ಮೂಲಕ ಗೇರಿಗೆ ದಾಟಿಸುವ ಭಾಗ) ಒಳಗೆ ಅರ್ಧಕ್ಕಿಂತ ಜಾಸ್ತಿ ಉಳಿದುಬಿಡಬಹುದು, ಅದಕ್ಕೆ ಫ್ಲಶ್ ಮಾತು ಬರುತ್ತದೆ. ಇಲ್ಲಿ ಅದು ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ ಹಾಗೆ.

ಎಣ್ಣೆ ನೀವೇ ಕೊಂಡು, ಹೊರಗಿನ ಒಳ್ಳೆಯ ಗ್ಯಾರೇಜಿಗೆ ಹೋಗಿ. ಲೇಬರ್ ಮಾತ್ರ ಕೊಡಿ. ಲಿಫ್ಟ್ ಇದ್ದರೆ ಅರ್ಧ ಗಂಟೆಯಿಂದ ಒಂದು ಗಂಟೆಯ ಕೆಲಸ. 2.2 ಲೀಟರ್ ಅಂದರೆ ಒಂದೊಂದು ಲೀಟರಿನ ಮೂರು ಬಾಟಲಿ ತಗೊಳ್ಳಿ. ಎರಡೇ ತಗೊಂಡು ಹೋದರೆ ಕೊನೆಗೆ ಕಾಲು ಲೀಟರಿಗೆ ಅವರ ಡಬ್ಬದಿಂದ ಯಾವುದೋ ಎಣ್ಣೆ ಸೇರುತ್ತದೆ.


ಉತ್ತರ 2

ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವ ವರ್ಕ್‌ಶಾಪಿನಲ್ಲಿ 19 ವರ್ಷ ಕೆಲಸ ಮಾಡಿದ್ದೇನೆ. ಈಗ ಬೆನ್ನು ನೋವು, ಅಂಗಡಿ ಮಗ ನೋಡಿಕೊಳ್ಳುತ್ತಾನೆ. ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ಪುಸ್ತಕ ತೆಗೆದು ಜಿಎಲ್-4 ಅಂತ ನೋಡಿಕೊಂಡು ಫೋನ್ ಮಾಡುವವರು ಅಪರೂಪ. "ಎಲ್ಲಾ ಗಾಡಿಗೂ ಒಂದೇ" ಎಂದವರ ಹತ್ತಿರ ನೀವು ನಿಲ್ಲದೆ ಬಂದದ್ದು ಸರಿ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಗೇರ್‌ಬಾಕ್ಸ್ ಒಳಗೆ ಪ್ರತಿ ಗೇರಿನ ಪಕ್ಕ ಒಂದು ಸಿಂಕ್ರೋ ರಿಂಗ್ ಇರುತ್ತದೆ. ಸಾಮಾನ್ಯವಾಗಿ ಹಿತ್ತಾಳೆ ಜಾತಿಯ ಲೋಹ. ನೀವು ಲಿವರ್ ಒತ್ತಿದಾಗ ಆ ರಿಂಗು ಗೇರಿನ ಕೋನ್ ಮೇಲೆ ಉಜ್ಜಿ ಎರಡರ ವೇಗವನ್ನೂ ಒಂದು ಮಾಡುತ್ತದೆ. ಆಮೇಲೆ ಹಲ್ಲು ಸೇರುತ್ತದೆ. ಅಂದರೆ ಅದಕ್ಕೆ ಉಜ್ಜುವ ಹಿಡಿತ ಬೇಕು. ಎಣ್ಣೆ ಜಾರಬೇಕು, ಆದರೆ ಅತಿಯಾಗಿ ಜಾರಬಾರದು. ಜಿಎಲ್-5 ಎಣ್ಣೆಯನ್ನು ತಯಾರಿಸುವುದು ಮುಖ್ಯವಾಗಿ ಹಿಂಬದಿ ಡಿಫರೆನ್ಷಿಯಲ್‌ನ, ಅಂದರೆ ಎರಡು ಚಕ್ರಕ್ಕೂ ಬಲ ಹಂಚುವ ಭಾಗದ, ಹೈಪಾಯ್ಡ್ ಎಂಬ ಜಾತಿಯ ಗೇರಿಗೆ. ಅಲ್ಲಿ ಹಲ್ಲಿನ ಮೇಲೆ ಹಲ್ಲು ಜಾರುತ್ತಾ ತಿಕ್ಕುತ್ತದೆ, ಒತ್ತಡ ಭಾರಿ. ಅದಕ್ಕೆ ಗಂಧಕ ಮತ್ತು ರಂಜಕದ ಅಂಶವನ್ನು ಜಿಎಲ್-4ಕ್ಕಿಂತ ಸುಮಾರು ಎರಡರಷ್ಟು ಹಾಕಿರುತ್ತಾರೆ. ಅದನ್ನು ನಿಮ್ಮ ಗೇರ್‌ಬಾಕ್ಸ್‌ಗೆ ಸುರಿದರೆ ಸಿಂಕ್ರೋ ಹಿಡಿಯುವುದು ತಡವಾಗಬಹುದು. ಕೆಲವು ಜಿಎಲ್-5 ಎಣ್ಣೆಗಳು ಬಿಸಿಯಲ್ಲಿ ಹಿತ್ತಾಳೆಯನ್ನೂ ತಿನ್ನುತ್ತವೆ. ಈಗಿನವು ಅಷ್ಟು ಕೆಟ್ಟದಲ್ಲ, ಆದರೂ ಹಿಡಿತದ ತೊಂದರೆ ಇದ್ದೇ ಇದೆ. ಮೇಲಿನ ಅಂಕಿ ದೊಡ್ಡದಿದ್ದರೆ ಎಣ್ಣೆ ಒಳ್ಳೆಯದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಪುಸ್ತಕದಲ್ಲಿ ಜಿಎಲ್-5 ಎಂದೇ ಬರೆದಿರುವ ಗಾಡಿಗಳೂ ಇವೆ, ಅವಕ್ಕೆ ಅದೇ ಸರಿ. ಕೆಲವಕ್ಕೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಹಾಕಬೇಕು. ಹೋಂಡಾದಂಥವರು ತಮ್ಮದೇ ಎಣ್ಣೆ ಹೇಳುತ್ತಾರೆ. ಪುಸ್ತಕವನ್ನು ಮೀರಬೇಡಿ, ಅಷ್ಟೇ.

ನಿಮ್ಮದು ಇಂಜಿನ್ ಅಡ್ಡ ಕೂತಿರುವ ಫ್ರಂಟ್ ವೀಲ್ ಡ್ರೈವ್ ಇರಬೇಕು. ಅದರಲ್ಲಿ ಡಿಫರೆನ್ಷಿಯಲ್ಲೂ ಗೇರ್‌ಬಾಕ್ಸ್ ಒಳಗೇ ಇರುತ್ತದೆ, ಎಣ್ಣೆ ಎರಡಕ್ಕೂ ಒಂದೇ. ಹಾಗಾದರೆ ಡಿಫರೆನ್ಷಿಯಲ್‌ಗೆ ಜಿಎಲ್-5 ಬೇಡವಾ ಅಂತ ಕೇಳಬಹುದು. ಬೇಡ. ಇಲ್ಲಿರುವುದು ಹೈಪಾಯ್ಡ್ ಅಲ್ಲ, ಸಾಮಾನ್ಯ ಓರೆ ಹಲ್ಲಿನ ಗೇರು. ಯಾರಾದರೂ ಡಿಫರೆನ್ಷಿಯಲ್ ಆಯಿಲ್ ಬೇರೆ ಹಾಕಬೇಕು ಅಂತ ಬಿಲ್ಲಿನಲ್ಲಿ ಬರೆದರೆ ಎಲ್ಲಿ ಹಾಕುತ್ತೀರಿ ತೋರಿಸಿ ಅನ್ನಿ.

ಈಗ ಜಾಗದ ವಿಷಯ. ಬೋರ್ಡು ನೋಡಿ ಹೋಗಬೇಡಿ. ಟ್ಯಾಕ್ಸಿ ಓಡಿಸುವವರನ್ನು ಕೇಳಿ. ಅವರಿಗೆ ಗಾಡಿ ನಿಂತರೆ ದುಡಿಮೆ ನಿಂತಂತೆ, ಖರ್ಚು ಜಾಸ್ತಿಯಾದರೂ ಆಗುವುದಿಲ್ಲ, ಕೆಲಸ ಕೆಟ್ಟರೂ ಆಗುವುದಿಲ್ಲ. ನಿಮ್ಮ ಮಾದರಿಯ ಕಾರನ್ನೇ ಓಡಿಸುವ ಇಬ್ಬರು ಒಂದೇ ಗ್ಯಾರೇಜಿನ ಹೆಸರು ಹೇಳಿದರೆ ಅಲ್ಲಿಗೆ ಹೋಗಿ. ಗೇರ್‌ಬಾಕ್ಸ್ ಮಾತ್ರ ರಿಪೇರಿ ಮಾಡುವ ಅಂಗಡಿ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿ ದುಬಾರಿ ಅಂತ ಜನ ಕಾಲಿಡುವುದೇ ಇಲ್ಲ. ಗೇರ್‌ಬಾಕ್ಸ್ ಇಳಿಸಿ ಕಟ್ಟುವುದು ದುಬಾರಿ, ನಿಜ. ಎಣ್ಣೆ ಬದಲಾಯಿಸುವುದು ನಮಗೆ ಎರಡು ದೊಡ್ಡ ಕೆಲಸಗಳ ನಡುವಿನ ಸಣ್ಣ ಕೆಲಸ. ನಾನು ಯಾವತ್ತೂ ಅದಕ್ಕೆ ಜಾಸ್ತಿ ತಗೊಂಡಿಲ್ಲ.

ಫೋನಿನಲ್ಲಿ ಬೆಲೆ ಕೇಳುವ ಮೊದಲು ಎಣ್ಣೆ ಕೇಳಿ. "ಗಾಡಿ ಯಾವುದು, ಯಾವ ವರ್ಷದ್ದು" ಎಂದು ಅವರು ವಾಪಸ್ ಕೇಳಿದರೆ ಅದು ಒಳ್ಳೆಯ ಗುರುತು. ಆಮೇಲೆ, ಮೊದಲು ಯಾವ ಬೋಲ್ಟ್ ಬಿಚ್ಚುತ್ತೀರಿ ಅಂತ ಕೇಳಿ. ಎಣ್ಣೆ ತುಂಬುವ ಬೋಲ್ಟ್ ಎನ್ನಬೇಕು, ಇಳಿಸುವ ಬೋಲ್ಟ್ ಅಲ್ಲ. 11 ವರ್ಷ ಮುಟ್ಟದ ಬೋಲ್ಟ್ ಕಚ್ಚಿಕೊಂಡಿರುತ್ತದೆ. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲಾ ಇಳಿಸಿದ ಮೇಲೆ ಮೇಲಿನದು ಬರದಿದ್ದರೆ ಗಾಡಿ ಅಲ್ಲೇ ಕೂತುಬಿಡುತ್ತದೆ. ಎಣ್ಣೆ ಇಲ್ಲದ ಗೇರ್‌ಬಾಕ್ಸ್ ಓಡಿಸುವ ಹಾಗಿಲ್ಲ. ಹೀಗೆ ಟೋ ಮಾಡಿಸಿಕೊಂಡು ನಮ್ಮ ಅಂಗಡಿಗೆ ಬಂದ ಗಾಡಿಗಳನ್ನು ನಾನು ಲೆಕ್ಕ ಇಟ್ಟಿಲ್ಲ.

ಕೊನೆಗೆ ನಿಮ್ಮ ಎರಡನೇ ಗೇರು. ಒಂದರಿಂದ ಎರಡಕ್ಕೆ ವೇಗದ ಅಂತರ ದೊಡ್ಡದು. ಅದಕ್ಕೆ ಎರಡರ ಸಿಂಕ್ರೋಗೆ ಎಲ್ಲಕ್ಕಿಂತ ಜಾಸ್ತಿ ದುಡಿಮೆ, ಸವೆತವೂ ಮೊದಲು ಅಲ್ಲೇ. ತಣ್ಣಗಿದ್ದಾಗ ಎಣ್ಣೆ ಗಟ್ಟಿ, ಹಳೆಯದಾದರೆ ಇನ್ನೂ ತೊಂದರೆ. ಹತ್ತು ನಿಮಿಷಕ್ಕೆ ಸರಿಹೋಗುತ್ತದೆ ಅಂದಿರಲ್ಲ, ಅದು ಒಳ್ಳೆಯ ಸುದ್ದಿ. ಹೊಸ ಎಣ್ಣೆಯಿಂದ ಖಂಡಿತ ಹಗುರವಾಗುತ್ತದೆ. ಆದರೆ ಸವೆದ ರಿಂಗನ್ನು ಎಣ್ಣೆ ಮತ್ತೆ ಬೆಳೆಸುವುದಿಲ್ಲ, ಪೂರ್ತಿ ಹೋಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಒಂದು ಪರೀಕ್ಷೆ ಮಾಡಿ. ಗಾಡಿ ನಿಲ್ಲಿಸಿ, ಇಂಜಿನ್ ಓಡುತ್ತಿರಲಿ, ಕ್ಲಚ್ ಪೂರ್ತಿ ಒತ್ತಿ ನಾಲ್ಕೈದು ಸೆಕೆಂಡ್ ಕಾದು ರಿವರ್ಸ್ ಹಾಕಿ. ಬಹಳ ಗಾಡಿಗಳಲ್ಲಿ ರಿವರ್ಸ್‌ಗೆ ಸಿಂಕ್ರೋ ಇರುವುದಿಲ್ಲ. ಕಾದರೂ ಕರಕರ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಆಗ ಮೊದಲು ಕ್ಲಚ್ ನೋಡಿಸಿ.


ಪ್ರಶ್ನೆ ಕೇಳಿದವರು

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ರಿವರ್ಸ್ ಪರೀಕ್ಷೆ ಇವತ್ತು ಬೆಳಿಗ್ಗೆ ತಣ್ಣಗಿದ್ದಾಗಲೇ ಮಾಡಿದೆ. ಮೂರು ಸಲ ಹಾಕಿದೆ, ಸದ್ದಿಲ್ಲದೆ ಬಿತ್ತು. ಕ್ಲಚ್ ಚೆನ್ನಾಗಿದೆ ಅಂದುಕೊಳ್ಳುತ್ತೇನೆ.

ಒಂದು ಅನುಮಾನ. ಅಂಗಡಿಯಲ್ಲಿ ಕೇಳಿದಾಗ 75ಡಬ್ಲ್ಯೂ-90 ತುಂಬಾ ಗಟ್ಟಿ, ನಿಮ್ಮ ಇಂಜಿನ್‌ಗೇ 30 ಹಾಕುತ್ತೀರಿ, ಗೇರ್‌ಬಾಕ್ಸ್‌ಗೆ 90 ಯಾಕೆ ಅಂದರು.


ಉತ್ತರ 2

ಎರಡೂ ಬೇರೆ ಬೇರೆ ಅಳತೆಕೋಲು. ಗೇರ್ ಆಯಿಲ್‌ನ 90 ಎಂದರೆ ಬಿಸಿಯಾದಾಗ ಇಂಜಿನ್ ಆಯಿಲ್‌ನ 40 ಅಥವಾ 50ರಷ್ಟು ದಪ್ಪ. ಇಂಜಿನ್ ಆಯಿಲ್‌ನ ಅಂಕಿ ಜೊತೆ ಹೋಲಿಸಬೇಡಿ. ಬಾಟಲಿಯ ಹಿಂದೆ ಜಿಎಲ್-4 ಒಂದೇ ಇದೆಯಾ ನೋಡಿ. ಜಿಎಲ್-4/5 ಅಂತ ಎರಡನ್ನೂ ಬರೆದಿರುವುದು ಸಿಗುತ್ತದೆ. ನಾನಾದರೆ ಅದನ್ನು ಬಿಟ್ಟು ಬರೀ 4 ಇರುವುದನ್ನೇ ತಗೊಳ್ಳುತ್ತೇನೆ.


ಉತ್ತರ 3

ನನ್ನ ಅನುಭವ ಹೇಳಲೇಬೇಕು. ಎರಡು ವರ್ಷದ ಹಿಂದೆ ಒಂದು ಕಡೆ ಇಂಜಿನ್ ಆಯಿಲ್ ಬದಲಾಯಿಸಲು ಬಿಟ್ಟೆ. ಅಲ್ಲಿನ ಹುಡುಗ ಹೊಸಬ. ಇಂಜಿನ್ ಬೋಲ್ಟ್ ಅಂದುಕೊಂಡು ಗೇರ್‌ಬಾಕ್ಸ್ ಬೋಲ್ಟ್ ಬಿಚ್ಚಿದ್ದಾನೆ. ಎಣ್ಣೆ ಇಳಿಯಿತು, ಬೋಲ್ಟ್ ಹಾಕಿದ, ಮೇಲಿಂದ ಇಂಜಿನ್‌ಗೆ 4 ಲೀಟರ್ ಹೊಸ ಎಣ್ಣೆ ಸುರಿದ. ಇಂಜಿನ್‌ನಲ್ಲಿ ಎರಡು ಪಟ್ಟು ಎಣ್ಣೆ, ಗೇರ್‌ಬಾಕ್ಸ್‌ನಲ್ಲಿ ಒಂದು ಹನಿಯೂ ಇಲ್ಲ. ಹೊರಗೆ ಬಂದು ಹೆಚ್ಚು ದೂರ ಹೋಗಲಿಲ್ಲ, ಹಿಂದೆ ಬಿಳಿ ಹೊಗೆ. ಜೊತೆಗೆ ಗೇರಿನಿಂದ ಊಳಿಡುವ ಸದ್ದು. ಪಕ್ಕಕ್ಕೆ ನಿಲ್ಲಿಸಿ ಡಿಪ್‌ಸ್ಟಿಕ್ ತೆಗೆದೆ. ಎಣ್ಣೆ ಗೆರೆ ದಾಟಿ ಅಷ್ಟು ಮೇಲೆ ಇತ್ತು. ಅಲ್ಲಿಂದ ಇಂಜಿನ್ ಮತ್ತೆ ಹಚ್ಚಲಿಲ್ಲ, ಟೋ ಮಾಡಿಸಿದೆ. ಬೇಗ ನಿಲ್ಲಿಸಿದ್ದರಿಂದ ಗೇರ್‌ಬಾಕ್ಸ್ ಉಳಿಯಿತು, ಆದರೆ ಒಂದು ಬೇರಿಂಗ್ ಆಮೇಲೆ ಹಾಕಿಸಬೇಕಾಯಿತು.

ಎಣ್ಣೆಯ ಬಣ್ಣ ನೋಡಿದ್ದರೆ ಅವನಿಗೇ ಗೊತ್ತಾಗುತ್ತಿತ್ತು. ಓಡಿದ ಇಂಜಿನ್ ಆಯಿಲ್ ಕಪ್ಪು. ಗೇರ್ ಆಯಿಲ್ ಹಳೆಯದಾದರೂ ಕಂದು, ಮೂಗಿಗೆ ಗಂಧಕದ ಕೆಟ್ಟ ವಾಸನೆ ಬಡಿಯುತ್ತದೆ. ದಯವಿಟ್ಟು ಪಕ್ಕದಲ್ಲೇ ನಿಂತು ಮಾಡಿಸಿ. ನಿಲ್ಲಲು ಬಿಡದ ಜಾಗಕ್ಕೆ ಹೋಗಲೇಬೇಡಿ.


ಉತ್ತರ 4

ನಾನು ನನ್ನ ಕಾರಿಗೆ ಮನೆಯಲ್ಲೇ ಮಾಡುತ್ತೇನೆ, ಈವರೆಗೆ ಮೂರು ಸಲ ಆಗಿದೆ. ಕಷ್ಟದ ಕೆಲಸ ಅಲ್ಲ. ಆದರೆ ಡಿಕ್ಕಿಯ ಜಾಕ್ ಒಂದರಿಂದ ಮಾಡಬೇಡಿ, ಇದನ್ನು ಕೈ ಮುಗಿದು ಹೇಳುತ್ತೇನೆ. ಅದು ಟೈರ್ ಬದಲಾಯಿಸಲು ಕೊಟ್ಟಿರುವುದು. ಅದರ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಗಾಡಿಯನ್ನು ಹೊತ್ತು ನಿಲ್ಲಿಸುವ ನಾಲ್ಕು ಸ್ಟ್ಯಾಂಡ್ ಬೇಕು, ಗಟ್ಟಿ ಸಮತಟ್ಟು ನೆಲ ಬೇಕು.

ಸಮತಟ್ಟು ಅಂದಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಬಹಳ ಗೇರ್‌ಬಾಕ್ಸ್‌ಗಳಲ್ಲಿ ಡಿಪ್‌ಸ್ಟಿಕ್ ಇರುವುದಿಲ್ಲ. ತುಂಬುವ ತೂತಿನ ಕೆಳಗಿನ ಅಂಚೇ ಅಳತೆ. ಎಣ್ಣೆ ಅಲ್ಲಿಗೆ ಬಂದು ಹೊರಗೆ ತೊಟ್ಟಿಕ್ಕಿದರೆ ತುಂಬಿತು ಅಂತ. ಮುಂದಿನ ಒಂದೇ ಕಡೆ ಎತ್ತಿದ್ದರೆ ಗಾಡಿ ವಾಲಿರುತ್ತದೆ. ಕಡಿಮೆ ಹಾಕಿದರೂ ತುಂಬಿದಂತೆ ಕಾಣಬಹುದು, ಜಾಸ್ತಿಯೂ ಹೋಗಬಹುದು. ಮೊದಲ ಸಲ ನಾನು ಹೀಗೇ ಮಾಡಿ 2 ಲೀಟರ್ ಹೋಗಬೇಕಾದ ಕಡೆ ಒಂದೂವರೆ ಲೀಟರಿಗೇ ಮುಚ್ಚಿದ್ದೆ. ಬಾಟಲಿಯಲ್ಲಿ ಉಳಿದದ್ದು ನೋಡಿ ಅನುಮಾನ ಬಂತು, ಮತ್ತೆ ಸರಿಯಾಗಿ ನಿಲ್ಲಿಸಿ ತುಂಬಿಸಿದೆ. ಅದಕ್ಕೆ ಇಳಿದ ಎಣ್ಣೆಯನ್ನೂ ಅಳೆಯಿರಿ, ಹಾಕಿದ್ದನ್ನೂ ಅಳೆಯಿರಿ, ಪುಸ್ತಕದ ಲೆಕ್ಕಕ್ಕೆ ಎರಡನ್ನೂ ಹೋಲಿಸಿ.

ಕೆಲಸಕ್ಕೆ ಮೊದಲು ಹದಿನೈದು ಇಪ್ಪತ್ತು ನಿಮಿಷ ಓಡಿಸಿ. ಬೆಚ್ಚಗಿದ್ದರೆ ಎಣ್ಣೆ ಚೆನ್ನಾಗಿ ಇಳಿಯುತ್ತದೆ, ಕೆಸರೂ ಜೊತೆಗೆ ಬರುತ್ತದೆ. ತುಂಬಲು ಕೈಪಂಪ್ ಸಾಕು. ಅದೂ ಇಲ್ಲದಿದ್ದರೆ ಬಾನೆಟ್ ಕಡೆಯಿಂದ ಉದ್ದ ಪೈಪು ಇಳಿಸಿ, ಮೇಲೆ ಲಾಳಿಕೆ ಹಾಕಿ ನಿಧಾನವಾಗಿ ಸುರಿಯಿರಿ. ಬೋಲ್ಟಿನ ವಾಷರ್ ಹೊಸದು ಹಾಕಿ. ಹಳೆಯದು ಒಮ್ಮೆ ಅದುಮಿ ಕೂತಿರುತ್ತದೆ, ಎರಡನೇ ಸಲ ಸೋರಬಹುದು. ಬೋಲ್ಟನ್ನು ವಿಪರೀತ ಬಲ ಹಾಕಿ ತಿರುಗಿಸಬೇಡಿ. ಗೇರ್‌ಬಾಕ್ಸ್ ಮೈ ಅಲ್ಯೂಮಿನಿಯಂ, ಥ್ರೆಡ್ ಕಿತ್ತು ಬಂದರೆ ಉಳಿಸಿದ ದುಡ್ಡಿನ ಹತ್ತರಷ್ಟು ಹೋಗುತ್ತದೆ. ಬಟ್ಟೆ ಹಳೆಯದು ಹಾಕಿಕೊಳ್ಳಿ, ಆ ವಾಸನೆ ಎರಡು ಒಗೆತಕ್ಕೂ ಹೋಗುವುದಿಲ್ಲ. ಹಳೆ ಎಣ್ಣೆಯನ್ನು ಡಬ್ಬಿಗೆ ಹಾಕಿ ಎಣ್ಣೆ ವಾಪಸ್ ತಗೊಳ್ಳುವ ಗ್ಯಾರೇಜಿಗೆ ಕೊಡಿ. ಮಣ್ಣಿಗೆ, ಚರಂಡಿಗೆ ಖಂಡಿತ ಬೇಡ.

ಇಷ್ಟೆಲ್ಲಾ ಹೇಳಿದರೂ ನಿಮಗೆ ನನ್ನ ಸಲಹೆ, ಈ ಮೊದಲ ಸಲ ಮಾಡಿಸಿಬಿಡಿ. ಪಂಪ್, ಸ್ಟ್ಯಾಂಡ್, ಬೋಲ್ಟಿಗೆ ತಕ್ಕ ಸಾಕೆಟ್ ಎಲ್ಲಾ ಕೊಂಡರೆ ಲೇಬರಿಗಿಂತ ಜಾಸ್ತಿಯಾಗುತ್ತದೆ. ಅದೂ ರಾತ್ರಿಯೆಲ್ಲಾ ಎದ್ದಿದ್ದು ಬಂದು ಗಾಡಿ ಕೆಳಗೆ ಮಲಗುವುದು ಬೇಡವೇ ಬೇಡ. ಲಿಫ್ಟನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ವರ್ಕ್‌ಶಾಪ್ ಹತ್ತಿರದಲ್ಲಿದ್ದರೆ ಮುಂದಿನ ಸಲ ಪ್ರಯತ್ನಿಸಿ. ಆಟೋಮೊಬೈಲ್ ಕಲಿಸುವ ಕೆಲವು ತಾಂತ್ರಿಕ ಶಾಲೆಗಳಲ್ಲೂ ಮೇಷ್ಟರ ಎದುರಿಗೆ ಹುಡುಗರು ಮಾಡಿಕೊಡುತ್ತಾರೆ, ಸಾಮಾನಿನ ಖರ್ಚು ಕೊಟ್ಟರೆ ಸಾಕಾಗುತ್ತದೆ. ಸಮಯ ಹಿಡಿಯುತ್ತದೆ, ಆದರೆ ಯಾರೂ ಅವಸರ ಮಾಡುವುದಿಲ್ಲ.


ಉತ್ತರ 5

ಕೆಲವು ಕಂಪನಿಗಳೇ ಇದು ಜೀವನಪೂರ್ತಿ ಬರುವ ಎಣ್ಣೆ ಅನ್ನುತ್ತವೆ. 1,18,000 ಆದ ಮೇಲೆ ಮುಟ್ಟಿದರೆ ಇನ್ನೂ ಕೆಡುತ್ತದೆ ಅಂತ ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ಹಾಗೇ ಬಿಟ್ಟರೆ ಏನಾಗುತ್ತದೆ?


ಉತ್ತರ 2

ಆ ಮಾತು ಆಟೋಮ್ಯಾಟಿಕ್‌ನಿಂದ ಬಂದದ್ದು. ಅಲ್ಲಿ ಕ್ಲಚ್ ಪ್ಲೇಟುಗಳು ಆ ಎಣ್ಣೆಯೊಳಗೇ ಇವೆ, ಸವೆದು ಹೋಗಿದ್ದರೆ ಎಣ್ಣೆ ಬದಲಾದ ಮೇಲೆ ಬಣ್ಣ ಬಯಲಾಗುತ್ತದೆ. ಮ್ಯಾನ್ಯುವಲ್‌ನಲ್ಲಿ ಕ್ಲಚ್ ಹೊರಗೆ ಒಣಗಿ ಕೂತಿದೆ. ಇಲ್ಲಿ ಫಿಲ್ಟರ್ ಕೂಡ ಇಲ್ಲ, ನೋಡಿ. ಗೇರು ಸವೆದು ಬಿದ್ದ ಪುಡಿ ಹೋಗಲು ಜಾಗವಿಲ್ಲ. ಒಂದಷ್ಟನ್ನು ಬೋಲ್ಟಿನ ಅಯಸ್ಕಾಂತ ಹಿಡಿಯುತ್ತದೆ. ಹಿತ್ತಾಳೆ ಪುಡಿಯನ್ನು ಅಯಸ್ಕಾಂತವೂ ಹಿಡಿಯುವುದಿಲ್ಲ, ಅದು ಎಣ್ಣೆಯಲ್ಲೇ ಸುತ್ತುತ್ತಿರುತ್ತದೆ. ಹಳೆಯದು ಹೊರಗೆ ಹೋದರೆ ಪುಡಿಯೂ ಹೋಗುತ್ತದೆ, ಅದರಿಂದ ಕೆಡುವುದು ಏನೂ ಇಲ್ಲ. ಎಷ್ಟು ದೂರಕ್ಕೆ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ನಾನು 60,000ದಿಂದ 80,000 ಕಿ.ಮೀ. ಒಳಗೆ ಮಾಡಿಸಿ ಅನ್ನುತ್ತೇನೆ. ಪುಸ್ತಕದಲ್ಲಿ ಅದಕ್ಕಿಂತ ಮೊದಲು ಅಂತ ಇದ್ದರೆ ಪುಸ್ತಕದ ಲೆಕ್ಕ.

ಇನ್ನೊಂದು ಉಳಿತಾಯದ ಮಾತು ಮರೆತಿದ್ದೆ. ಹತ್ತಿರದಲ್ಲೇ ಕ್ಲಚ್ ಹಾಕಿಸುವುದಿದ್ದರೆ ಅಥವಾ ಡ್ರೈವ್‌ಶಾಫ್ಟ್ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಸರಳು) ಬಿಚ್ಚುವ ಕೆಲಸ ಇದ್ದರೆ ಎಣ್ಣೆಯನ್ನೂ ಆಗಲೇ ಮಾಡಿಸಿ. ಶಾಫ್ಟ್ ಎಳೆದರೆ ಎಣ್ಣೆ ಹೇಗೂ ಸುರಿಯುತ್ತದೆ, ಮೊದಲೇ ಇಳಿಸಿಯೇ ಕೆಲಸ ಮಾಡುತ್ತಾರೆ. ಲೇಬರ್ ಬೇರೆ ಬೀಳುವುದಿಲ್ಲ.


ಪ್ರಶ್ನೆ ಕೇಳಿದವರು

ಎರಡು ವಾರ ಆಯಿತು. ಕೆಲಸ ಮುಗಿಸಿ ಬರೆಯುತ್ತಿದ್ದೇನೆ.

ಆಸ್ಪತ್ರೆ ಮುಂದೆ ನಿಲ್ಲುವ ಟ್ಯಾಕ್ಸಿಯವರನ್ನು ಕೇಳಿದೆ. ನಾಲ್ವರಲ್ಲಿ ಮೂವರು ಒಂದೇ ಗ್ಯಾರೇಜಿನ ಹೆಸರು ಹೇಳಿದರು. ಫೋನ್ ಮಾಡಿದೆ. ಗೇರ್‌ಬಾಕ್ಸ್ ಆಯಿಲ್ ಅಂದ ಕೂಡಲೇ ಆ ಕಡೆಯ ಹೆಂಗಸು ಗಾಡಿ ಯಾವುದು, ಯಾವ ವರ್ಷ, ಐದು ಗೇರಾ ಆರು ಗೇರಾ ಅಂತ ಕೇಳಿದರು. ಎಣ್ಣೆ ನಾನೇ ತರಬಹುದಾ ಅಂದೆ. ತನ್ನಿ, ಬಾಟಲಿ ಸೀಲ್ ಒಡೆದಿರಬಾರದು ಅಂದರು. ಯಾವ ಬೋಲ್ಟ್ ಮೊದಲು ಅಂತ ಕೇಳುವುದಕ್ಕೆ ಸ್ವಲ್ಪ ಸಂಕೋಚವಾಯಿತು, ಆದರೂ ಕೇಳಿದೆ. "ತುಂಬುವುದು. ಅದು ಬರದಿದ್ದರೆ ಕೆಳಗಿನದು ಮುಟ್ಟಲ್ಲ" ಅಂದರು. ಅಲ್ಲಿಗೇ ನಿರ್ಧಾರ ಮಾಡಿದೆ. ಬೆಲೆ ಕೇಳಿದ್ದು ಆಮೇಲೆ.

ಪಾಳಿ ಮುಗಿಸಿ ನಿದ್ದೆ ಮಾಡಿ ಮಧ್ಯಾಹ್ನ ಹೋದೆ. ಇಪ್ಪತ್ತು ನಿಮಿಷದ ದಾರಿ, ಎಣ್ಣೆ ಬೆಚ್ಚಗಾಗಿತ್ತು. ಲಿಫ್ಟಿನ ಪಕ್ಕದಲ್ಲೇ ನಿಂತೆ, ಯಾರೂ ಬೇಡ ಅನ್ನಲಿಲ್ಲ. ತುಂಬುವ ಬೋಲ್ಟ್ ನಿಜವಾಗಿಯೂ ಕಚ್ಚಿಕೊಂಡಿತ್ತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಟ್ಟರು. ಆಮೇಲೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿದಾಗ ಟಕ್ ಅಂತ ಬಿಟ್ಟಿತು. ಆ ಸದ್ದು ಕೇಳಿ ನನಗೆ ಎಷ್ಟು ನೆಮ್ಮದಿಯಾಯಿತು ಅಂದರೆ ಹೇಳಲಾರೆ. ಕೆಳಗಿನದು ಸುಲಭವಾಗಿ ಬಂತು.

ಎಣ್ಣೆ ಕಪ್ಪು ಅಂತಲ್ಲ, ಮಣ್ಣು ಬೆರೆತ ಕಂದು. ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಹೊಳಪು ತೇಲುತ್ತಿತ್ತು. ಅದೇ ಹಿತ್ತಾಳೆ ಪುಡಿ ಅಂದರು. ಅಯಸ್ಕಾಂತದ ಮೇಲೆ ಬೂದು ಬಣ್ಣದ ಮೆತ್ತನೆ ಪೇಸ್ಟ್ ದಪ್ಪಗೆ ಕೂತಿತ್ತು. ಮೆಕ್ಯಾನಿಕ್ ಅದನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು. ನನ್ನ ಬೆರಳಿಗೂ ಹಚ್ಚಿದರು. ಚೂರು, ಮುರಿದ ಹಲ್ಲು ಏನೂ ಸಿಗಲಿಲ್ಲ. ಪೇಸ್ಟ್ ಇರುವುದು ಸಹಜ, ಉಗುರಿಗೆ ಸಿಗುವ ಚೂರು ಇದ್ದರೆ ಮಾತ್ರ ಚಿಂತೆ ಅಂದರು. ಇಳಿದದ್ದನ್ನು ಅಳೆದರೆ ಬರೀ 1.7 ಲೀಟರ್. ಅರ್ಧ ಲೀಟರ್ ಎಲ್ಲಿ ಹೋಯಿತು? ಟಾರ್ಚ್ ಹಿಡಿದು ಹುಡುಕಿದರು. ಎಡಗಡೆ ಡ್ರೈವ್‌ಶಾಫ್ಟ್ ಗೇರ್‌ಬಾಕ್ಸ್ ಒಳಗೆ ಹೋಗುವ ಜಾಗದಲ್ಲಿ ಎಣ್ಣೆ ಸೀಲ್ ಒದ್ದೆಯಾಗಿತ್ತು, ಸುತ್ತ ಧೂಳು ಮೆತ್ತಿ ಗಟ್ಟಿಯಾಗಿತ್ತು. ಒಂದೇ ದಿನ ಸೋರಿದ್ದಲ್ಲ, ವರ್ಷಗಟ್ಟಲೆ ಜಿನುಗಿದ್ದು. ನೆಲದ ಮೇಲೆ ಬೀಳುವಷ್ಟು ಇಲ್ಲದ್ದರಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಸೀಲ್ ಬದಲಾಯಿಸಲು ಶಾಫ್ಟ್ ಎಳೆಯಬೇಕು. ಉತ್ತರ 2ರವರ ಮಾತು ನೆನಪಾಯಿತು. ಎಣ್ಣೆ ಈಗ ಹೇಗೂ ಖಾಲಿ ಇದೆ, ಈಗಲೇ ಹಾಕಿ ಅಂದೆ. ಸೀಲ್ ಸಣ್ಣ ಸಾಮಾನು, ಅಂಗಡಿಯಿಂದ ತರಿಸಿದರು. ಒಟ್ಟು ಎರಡೂವರೆ ಗಂಟೆ ಹಿಡಿಯಿತು. ಎಣ್ಣೆ, ಸೀಲ್, ಎರಡು ಹೊಸ ವಾಷರ್, ಎಲ್ಲಾ ಲೇಬರ್ ಸೇರಿಸಿದರೂ ಸರ್ವಿಸ್ ಸೆಂಟರಿನ ಪ್ಯಾಕೇಜಿನ ಅರ್ಧ ದಾಟಲಿಲ್ಲ. ಪುಸ್ತಕದಂತೆ 2.2 ಲೀಟರ್ ಹೋಗಿ ತೂತಿನಿಂದ ತೊಟ್ಟಿಕ್ಕಿದ್ದನ್ನು ನಾನೇ ನೋಡಿದೆ. ಉಳಿದ ಮುಕ್ಕಾಲು ಬಾಟಲಿಯನ್ನು ಮುಚ್ಚಿ ನನ್ನ ಕೈಗೇ ಕೊಟ್ಟರು.

ಮರುದಿನ ಬೆಳಿಗ್ಗೆ ಆರಕ್ಕೆ ಗಾಡಿ ತೆಗೆದಾಗ ಎದೆ ಸ್ವಲ್ಪ ಹೊಡೆದುಕೊಳ್ಳುತ್ತಿತ್ತು. ಒಂದರಿಂದ ಎರಡಕ್ಕೆ ಹಾಕಿದೆ. ಕರ್ರ್ ಸದ್ದು ಇಲ್ಲ. ಮೊದಲ ಎರಡು ಮೂರು ಸಲ ಒಂದು ಸಣ್ಣ ತಡೆ ಇನ್ನೂ ಇದೆ, ನಿಧಾನವಾಗಿ ಒತ್ತಿದರೆ ತಾನಾಗಿ ಬೀಳುತ್ತದೆ. ಉತ್ತರ 2ರವರು ಹೇಳಿದ ಹಾಗೆ ರಿಂಗು ಸ್ವಲ್ಪ ಸವೆದಿರಬೇಕು. ಈಗ ತಣ್ಣಗಿದ್ದಾಗ ಅವಸರ ಮಾಡದೆ ಹಾಕುತ್ತೇನೆ.


ಉತ್ತರ 2

ಬಹಳ ಸಂತೋಷ. ಆ ಸೀಲ್ ಸಿಕ್ಕಿದ್ದು ದೊಡ್ಡ ವಿಷಯ. ಎಣ್ಣೆ ಕಡಿಮೆಯಾಗಿದ್ದೂ ನಿಮ್ಮ ಎರಡನೇ ಗೇರಿಗೆ ತೊಂದರೆ ಕೊಟ್ಟಿರುತ್ತದೆ. ಹಳೆ ಎಣ್ಣೆಗೆ ಮೇಲಿಂದ ಸುರಿದು ಕಳಿಸುವ ಜಾಗಕ್ಕೆ ಹೋಗಿದ್ದರೆ ಸೀಲ್ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಒಂದು ವಾರ ಬಿಟ್ಟು ಎರಡೂ ಬೋಲ್ಟ್ ಮತ್ತು ಆ ಸೀಲ್ ಹತ್ತಿರ ಒಣ ಬಟ್ಟೆಯಿಂದ ಒರೆಸಿ ನೋಡಿ. ಒದ್ದೆ ಇದ್ದರೆ ಅವರಿಗೇ ತೋರಿಸಿ.


ಪ್ರಶ್ನೆ ಕೇಳಿದವರು

ಇವತ್ತು ಅದೇ ಗ್ಯಾರೇಜಿನಲ್ಲಿ ಎರಡು ನಿಮಿಷ ಲಿಫ್ಟಿಗೆ ಏರಿಸಿ ಒರೆಸಿ ತೋರಿಸಿದರು. ಬಟ್ಟೆ ಒಣಗಿತ್ತು. ದುಡ್ಡು ತಗೊಳ್ಳಲಿಲ್ಲ. ಬದಲಾಯಿಸಿದ ದಿನ, 1,18,460 ಕಿ.ಮೀ., ಎಣ್ಣೆಯ ಹೆಸರು ಒಂದು ಚೀಟಿಯಲ್ಲಿ ಬರೆದು ಆ ಫೈಲಿಗೆ ಸೇರಿಸಿದ್ದೇನೆ. ಮುಂದೆ ಈ ಕಾರು ಯಾರ ಕೈಗೆ ಹೋದರೂ ಅವರಿಗೆ ಆ ಚೀಟಿ ಸಿಗುತ್ತದೆ.